ಕುಂಚ ಕೆಳಗಿಟ್ಟ ಹೊತ್ತು

ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಚಿತ್ರ ಬರೆಯುವವರೊಬ್ಬರು ಇದ್ದರೆ, ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಅವರು ಒಂದು ಗಂಟೆ ಬರೆಯುತ್ತಾರೆ; ಅನಂತರ ಕುಂಚವನ್ನು ಕೆಳಗಿಟ್ಟು, ಬರೆದುದನ್ನೇ ನೋಡುತ್ತ ಎರಡು ಗಂಟೆ ಕುಳಿತುಬಿಡುತ್ತಾರೆ. ಮಾರನೆಯ ದಿನ ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಇದನ್ನು ಕಂಡ ಹಿರಿಯರು, "ಸುಮ್ಮನೆ ಕೂತಿದ್ದೀಯಲ್ಲಪ್ಪ, ಅಂಗಡಿಗಾದರೂ ಹೋಗಿ ಬಾ" ಎನ್ನುವುದುಂಟು. ಬರೆಯುವವಳು ಮನೆಯ ಸೊಸೆಯಾಗಿದ್ದರೆ ಅಷ್ಟು ಹೇಳುವ ಅಗತ್ಯವೂ ಬೀಳುವುದಿಲ್ಲ. ಕುಂಚ ಕೆಳಗಿಟ್ಟ ಕ್ಷಣದಿಂದ ಆಕೆಯ ಹೊತ್ತು ಅಡಿಗೆಮನೆಯದೆಂದು ಎಲ್ಲರೂ ತಿಳಿದುಬಿಟ್ಟಿರುತ್ತಾರೆ.

ಹಾಗಾದರೆ ಕುಂಚ ಕೆಳಗಿಟ್ಟ ಈ ಹೊತ್ತು ಕೆಲಸದ ಹೊತ್ತೋ, ಸೋಮಾರಿತನದ ಹೊತ್ತೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಚೆನ್ನಾಗಿ ಆರಂಭವಾದ ಚಿತ್ರ ಕೆಡುವುದೂ, ಉತ್ಸಾಹದಿಂದ ತೊಡಗಿದವರು ಕೆಲವೇ ವರ್ಷಗಳಲ್ಲಿ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವುದೂ ಅನೇಕ ವೇಳೆ ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದೆ ಇರುವುದರಿಂದಲೇ. ಆದುದರಿಂದ ಇದನ್ನು ತುಸು ಸಾವಧಾನವಾಗಿ ವಿಚಾರಿಸಿ ನೋಡೋಣ.

ಚಿತ್ರಕಾರನ ಕಾಯಕದಲ್ಲಿ ಮೂರು ಭಾಗಗಳಿವೆ: ಬರೆಯುವುದು, ನೋಡುವುದು, ಬಿಡುವುದು. ಬರೆಯುವುದು ಕೈಯ ಕೆಲಸ. ನೋಡುವುದು ಕಣ್ಣು ಮತ್ತು ಬುದ್ಧಿಗಳ ಕೆಲಸ, ಇದನ್ನೇ ಮನನವೆನ್ನಬಹುದು. ಬಿಡುವುದೆಂದರೆ ವಿಶ್ರಾಂತಿ, ಚಿತ್ರವನ್ನು ಅದರ ಪಾಡಿಗೆ ಬಿಟ್ಟು ತಾನು ಬೇರೆ ಕಡೆಗೆ ಹೋಗುವುದು. ಹೊರಗಿನವರ ಕಣ್ಣಿಗೆ ಮೊದಲನೆಯದು ಮಾತ್ರ ಕೆಲಸವೆಂದು ತೋರುತ್ತದೆ. ಆದರೆ ಉಳಿದ ಎರಡನ್ನು ಬಿಟ್ಟು ಮೊದಲನೆಯದು ನಡೆಯುವುದಿಲ್ಲ ಎಂಬುದಕ್ಕೆ ಮೊದಲ ಸಾಕ್ಷಿ ಚಿತ್ರಕಾರನ ಸಾಮಗ್ರಿಯೇ.

ತೈಲವರ್ಣವನ್ನು ತೆಗೆದುಕೊಳ್ಳಿ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವು ಒದ್ದೆ ಬಟ್ಟೆಯಂತೆ ನೀರು ಆರಿ ಒಣಗುವುದಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಒಂದು ಲೇಪ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನಗಳು ಬೇಕು; ಬಣ್ಣ ದಪ್ಪವಾಗಿದ್ದರೆ ವಾರಗಳೇ ಹಿಡಿದಾವು. ಕೆಳಗಿನ ಲೇಪ ಹಸಿಯಾಗಿರುವಾಗ ಮೇಲೆ ಬೇಗ ಒಣಗುವ ಲೇಪವನ್ನು ಕೊಟ್ಟರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ. ಚಿತ್ರ ಮುಗಿದ ಮೇಲೆ ಕೊನೆಯ ವಾರ್ನಿಷ್ ಕೊಡಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕೆಂಬುದು ಹಳೆಯ ರೂಢಿ. ಜಲವರ್ಣದಲ್ಲಿ ಈ ಕಾಯುವಿಕೆ ಕೆಲವು ನಿಮಿಷಗಳದು. ಆದರೂ ಆ ನಿಮಿಷಗಳನ್ನು ತಾಳಲಾರದೆ ಹಸಿಯ ಮೇಲೆ ಕುಂಚವಾಡಿಸಿದವನ ಆಕಾಶ ಕೆಸರಾಗುತ್ತದೆ.

ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿಯೂ ಇದೇ ನಿಯಮ. ಸುಟ್ಟ ಹುಣಸೆಯ ಕಡ್ಡಿಯಿಂದ ರೇಖೆ ಎಳೆದು, ಆಭರಣ ಮಂಟಪಗಳಿಗೆ ಉಬ್ಬುಗೆಲಸದ ಸರಿಯನ್ನು ಹಚ್ಚಿ, ಅದು ಆರಿದ ಮೇಲೆ ಚಿನ್ನದ ರೇಕನ್ನು ಕೂಡಿಸಿ, ಮೇಲೆ ತೆಳುವಾದ ಕಾಗದವಿಟ್ಟು ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಒಂದೊಂದು ಹಂತವೂ ಹಿಂದಿನದು ಒಣಗುವವರೆಗೆ ಕಾಯುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಿನವರೆಗೆ ಹುದುಗಬೇಕೆಂಬುದನ್ನು ಬಲ್ಲ ಗೃಹಿಣಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಟ್ಟು ಹುದುಗುವಾಗ ಆಕೆ ಏನೂ ಮಾಡುತ್ತಿಲ್ಲ, ನಿಜ. ಆದರೆ ಅಡಿಗೆ ನಡೆಯುತ್ತಿಲ್ಲ ಎನ್ನುವಂತಿಲ್ಲ.

ಎರಡನೆಯ ಸಾಕ್ಷಿ ನಮ್ಮ ಕಣ್ಣು. ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಬಿಳಿಯ ಕಾಗದದ ಮೇಲೆ ರೂಪಾಯಿಯಗಲ ಕೆಂಪು ಕುಂಕುಮವನ್ನು ಹಚ್ಚಿ, ಒಳ್ಳೆಯ ಬೆಳಕಿನಲ್ಲಿ ಅರ್ಧ ನಿಮಿಷ ಅದನ್ನೇ ದಿಟ್ಟಿಸಿ ನೋಡಿ. ಕೂಡಲೇ ದೃಷ್ಟಿಯನ್ನು ಪಕ್ಕದ ಖಾಲಿ ಬಿಳುಪಿನ ಮೇಲಿಡಿ. ಅಲ್ಲಿ ನಸುಹಸಿರು ನೀಲಿಯ ಒಂದು ಬೊಟ್ಟು ತೇಲುವುದನ್ನು ಕಾಣುವಿರಿ. ಕಾಗದದಲ್ಲಿ ಹಸಿರಿಲ್ಲ, ಕೆಂಪನ್ನು ನೋಡಿ ನೋಡಿ ದಣಿದ ಕಣ್ಣು ಅದನ್ನು ಸೃಷ್ಟಿಸಿದೆ. ಪ್ಯಾರಿಸ್ಸಿನ ಗೊಬ್ಲಾಂ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್ ಒಂದು ಬಣ್ಣವು ಪಕ್ಕದ ಬಣ್ಣವನ್ನು ಹೇಗೆ ಬೇರೆಯಾಗಿ ತೋರಿಸುತ್ತದೆಂಬುದನ್ನು 1839ರಲ್ಲಿ ಒಂದು ದೊಡ್ಡ ಗ್ರಂಥದಲ್ಲಿ ವಿವರಿಸಿದ. ಮುಂದಿನ ತಲೆಮಾರಿನ ಚಿತ್ರಕಾರರು ಅದರಿಂದ ಬಹಳ ಕಲಿತರು. ಅರ್ಧ ನಿಮಿಷದಲ್ಲಿಯೇ ಕಣ್ಣು ಹೀಗೆ ಮೋಸಹೋಗುವುದಾದರೆ, ಮೂರು ಗಂಟೆ ಒಂದೇ ಕೆಂಪು ಸೀರೆಯ ನೆರಿಗೆಗಳನ್ನು ಬರೆಯುತ್ತ ಕುಳಿತವರ ಕಣ್ಣು ಏನನ್ನು ಕಂಡೀತು? ತನಗೆ ಕೆಂಪು ಸಾಲದೆಂದು ತೋರಿ ಅವರು ಮತ್ತಷ್ಟು ಕೆಂಪನ್ನು ಬಳಿಯುತ್ತಾರೆ. ಮಾರನೆಯ ಬೆಳಿಗ್ಗೆ ನೋಡಿದರೆ ಸೀರೆ ಕಿರಿಚುತ್ತಿರುತ್ತದೆ.

ಕಣ್ಣಿಗೆ ಆದುದೇ ಮನಸ್ಸಿಗೂ ಆಗುತ್ತದೆ. ಬಹಳ ಹೊತ್ತು ನೋಡಿದ ತಪ್ಪು ಅಭ್ಯಾಸವಾಗಿ, ಒಪ್ಪೆಂದೇ ತೋರತೊಡಗುತ್ತದೆ. ಲಿಯೊನಾರ್ಡೊ ಡಾ ವಿಂಚಿ ಐನೂರು ವರ್ಷಗಳ ಹಿಂದೆಯೇ ಚಿತ್ರಕಾರರಿಗೆ ಮೂರು ಸಲಹೆಗಳನ್ನು ಬರೆದಿಟ್ಟಿದ್ದಾನೆ. ಆಗಾಗ ಚಿತ್ರವನ್ನು ಬಿಟ್ಟು ತುಸು ವಿನೋದದಲ್ಲಿ ಕಳೆದು ಬರುವುದು, ಅದನ್ನು ದೂರದಿಂದ ನೋಡುವುದು, ಕನ್ನಡಿಯಲ್ಲಿ ನೋಡುವುದು, ಇವೇ ಆ ಮೂರು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಚಿತ್ರವು ಇನ್ನೊಬ್ಬರು ಬರೆದುದರಂತೆ ಕಾಣುತ್ತದೆ. ಇನ್ನೊಬ್ಬರ ತಪ್ಪು ನಮ್ಮ ಕಣ್ಣಿಗೆ ಎಷ್ಟು ಬೇಗ ಬೀಳುತ್ತದೆಂಬುದು ಎಲ್ಲರೂ ಬಲ್ಲ ಮಾತೇ.

ಈ ಲಿಯೊನಾರ್ಡೊನ ಬಾಳಿನಲ್ಲಿಯೇ ನಮ್ಮ ಪ್ರಶ್ನೆಯ ಎರಡು ಮುಖಗಳೂ ಸಿಕ್ಕುತ್ತವೆ. ಇಟಲಿಯ ಮಿಲಾನ್ ನಗರದಲ್ಲಿ, ಸಾಂತಾ ಮಾರಿಯಾ ದೆಲ್ಲೆ ಗ್ರಾತ್ಸಿಯೆ ಎಂಬ ಕ್ರೈಸ್ತ ಮಠದ ಭೋಜನಶಾಲೆಯ ಗೋಡೆಯ ಮೇಲೆ ಆತ 'ಕೊನೆಯ ಭೋಜನ'ವನ್ನು ಬರೆದ. ಕೆಲಸ ಸುಮಾರು 1495ರಿಂದ 1498ರವರೆಗೆ ನಡೆಯಿತು. ಚಿತ್ರದ ಅಗಲ ಸುಮಾರು 29 ಅಡಿ, ಎತ್ತರ 15 ಅಡಿ. ಆಗ ಹುಡುಗನಾಗಿ ಆ ಮಠದಲ್ಲಿದ್ದು, ಮುಂದೆ ಕಥೆಗಾರನಾಗಿ ಹೆಸರಾದ ಬಂದೆಲ್ಲೊ ಎಂಬವನು ಲಿಯೊನಾರ್ಡೊನ ಕೆಲಸದ ರೀತಿಯನ್ನು ವರ್ಣಿಸಿದ್ದಾನೆ. ಕೆಲವು ದಿನ ಆತ ಹೊತ್ತು ಮೂಡುವಾಗ ಅಟ್ಟಣೆ ಏರಿದರೆ, ಅನ್ನನೀರುಗಳನ್ನು ಮರೆತು, ಕತ್ತಲಾಗುವವರೆಗೆ ಕುಂಚವನ್ನು ಕೆಳಗಿಡುತ್ತಿರಲಿಲ್ಲ. ಅನಂತರ ಮೂರು ನಾಲ್ಕು ದಿನ ಕುಂಚವನ್ನು ಮುಟ್ಟದೆ, ಗಂಟೆಗಟ್ಟಲೆ ಚಿತ್ರದ ಮುಂದೆ ನಿಂತು ತನ್ನಲ್ಲಿಯೇ ವಿಮರ್ಶಿಸುತ್ತಿದ್ದ. ಮತ್ತೊಮ್ಮೆ ಸುಡುಬಿಸಿಲಿನ ನಡುಹಗಲಿನಲ್ಲಿ ಊರಿನ ಇನ್ನೊಂದು ಕಡೆಯಿಂದ ನಡೆದು ಬಂದು, ಅಟ್ಟಣೆ ಏರಿ, ಒಂದೆರಡು ಸಲ ಕುಂಚವಾಡಿಸಿ ಹೊರಟುಹೋಗುತ್ತಿದ್ದ.

ಮಠದ ಹಿರಿಯನಿಗೆ ಇದು ಹಿಡಿಸಲಿಲ್ಲವೆಂದು, ಮುಂದೆ ಕಲಾವಿದರ ಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ತೋಟ ಅಗೆಯುವ ಆಳುಗಳಂತೆ ಈತನೂ ಎಡೆಬಿಡದೆ ಕೈಯಾಡಿಸುತ್ತಿರಬೇಕೆಂದು ಆ ಹಿರಿಯನ ಎಣಿಕೆ. ದೂರು ದೊರೆಯವರೆಗೆ ಹೋಯಿತು. ಕೈ ನಿಂತಿರುವಾಗಲೇ ಬುದ್ಧಿ ಹೆಚ್ಚು ದುಡಿಯುತ್ತದೆಂದೂ, ಮೊದಲು ಮನಸ್ಸಿನಲ್ಲಿ ರೂಪು ತಳೆಯದುದು ಗೋಡೆಯ ಮೇಲೆ ಮೂಡಲಾರದೆಂದೂ ಲಿಯೊನಾರ್ಡೊ ದೊರೆಗೆ ತಿಳಿಯಹೇಳಿದನಂತೆ. ದ್ರೋಹಿ ಜೂದಾಸನ ಮುಖಕ್ಕೆ ತಕ್ಕ ಮಾದರಿ ಸಿಕ್ಕದೆ ತಡವಾಗುತ್ತಿದೆ. ಕೊನೆಗೆ ಯಾರೂ ಸಿಕ್ಕದಿದ್ದರೆ ಈ ಹಿರಿಯರ ಮುಖವಂತೂ ಇದ್ದೇ ಇದೆ ಎಂದು ಸೇರಿಸಿದನಂತೆ. ದೊರೆ ನಕ್ಕುಬಿಟ್ಟ. ಹಿರಿಯ ಮತ್ತೆ ಮಾತನಾಡಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಚಿತ್ರಕಾರರಿಗೆಲ್ಲ ಸಂತೋಷವಾಗುತ್ತಿತ್ತು. ಆದರೆ ಮುಂದಿನ ಭಾಗವನ್ನೂ ಹೇಳಬೇಕು. ಆ ಕಾಲದ ಇಟಲಿಯಲ್ಲಿ ಗೋಡೆಯ ಚಿತ್ರಗಳನ್ನು ಹಸಿಗಾರೆಯ ಮೇಲೆ ಬರೆಯುವುದು ವಾಡಿಕೆ. ಒಂದು ದಿನಕ್ಕೆ ಬರೆಯಬಹುದಾದಷ್ಟೇ ಗಾರೆಯನ್ನು ಬಳಿದುಕೊಂಡು, ಅದು ಆರುವ ಮುನ್ನ ಬಣ್ಣ ಹಾಕಿ ಮುಗಿಸಬೇಕು. ಗಾರೆಯೊಳಗಿನ ಸುಣ್ಣ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಚಿತ್ರ ಶತಮಾನಗಳ ಕಾಲ ಉಳಿಯುತ್ತದೆ. ನಾಲ್ಕು ದಿನ ನಿಂತು ನೋಡುವ, ತಿದ್ದುವ, ಮತ್ತೆ ಬಿಡುವ ಲಿಯೊನಾರ್ಡೊನಿಗೆ ಈ ಕಟ್ಟುಪಾಡು ಒಗ್ಗಲಿಲ್ಲ. ಆತ ಒಣಗೋಡೆಯ ಮೇಲೆ ಬೇರೆ ಅಂಟುಗಳಲ್ಲಿ ಕಲಸಿದ ಬಣ್ಣದಿಂದ ಬರೆದ. ತನಗೆ ಬೇಕಾದಷ್ಟು ಕಾಲಾವಕಾಶವೇನೋ ಸಿಕ್ಕಿತು. ಆದರೆ ಬಣ್ಣ ಗೋಡೆಯನ್ನು ಹಿಡಿಯಲಿಲ್ಲ. 1517ರಲ್ಲಿ, ಎಂದರೆ ಚಿತ್ರ ಮುಗಿದು ಇಪ್ಪತ್ತು ವರ್ಷ ತುಂಬುವ ಮೊದಲೇ, ಲಿಯೊನಾರ್ಡೊ ಇನ್ನೂ ಬದುಕಿರುವಾಗಲೇ, ಅದು ಕೆಡತೊಡಗಿದೆಯೆಂದು ಪ್ರವಾಸಿಯೊಬ್ಬ ಬರೆದಿಟ್ಟ. ನಮ್ಮ ಕಾಲದಲ್ಲಿ ಅದರ ಕೊನೆಯ ದೊಡ್ಡ ಜೀರ್ಣೋದ್ಧಾರಕ್ಕೆ 1978ರಿಂದ 1999ರವರೆಗೆ ಇಪ್ಪತ್ತೊಂದು ವರ್ಷ ಹಿಡಿಯಿತು. ಬರೆಯುವುದಕ್ಕೆ ಹಿಡಿದ ಕಾಲಕ್ಕಿಂತ ಉಳಿಸುವುದಕ್ಕೆ ಹಿಡಿದ ಕಾಲ ಎಷ್ಟು ದೊಡ್ಡದು ನೋಡಿ.

ಹೀಗೆ ಈ ಒಂದು ಚಿತ್ರವೇ ಎರಡು ಪಾಠಗಳನ್ನು ಹೇಳುತ್ತದೆ. ನೋಡುವ ಹೊತ್ತಿಲ್ಲದಿದ್ದರೆ ಆ ಹನ್ನೆರಡು ಜನ ಶಿಷ್ಯರ ಮುಖಗಳಲ್ಲಿ ಹನ್ನೆರಡು ಬಗೆಯ ತಲ್ಲಣ ಮೂಡುತ್ತಿರಲಿಲ್ಲ. ಆದರೆ ನೋಡುವ ಹೊತ್ತು ಸಾಮಗ್ರಿಯ ನಿಯಮವನ್ನು ಮೀರಿದರೆ, ನೋಡಿದ್ದೆಲ್ಲ ಗೋಡೆಯಿಂದ ಉದುರಿಹೋಗುತ್ತದೆ. ಸಮತೋಲವೆಂದರೆ ಮೂರು ಪಾಲನ್ನು ತಕ್ಕಡಿಯಲ್ಲಿ ಸಮನಾಗಿ ತೂಗುವುದಲ್ಲ. ಈ ಚಿತ್ರಕ್ಕೆ, ಈ ಹೊತ್ತಿನಲ್ಲಿ, ಮೂರರಲ್ಲಿ ಯಾವುದು ಬೇಕಾಗಿದೆ ಎಂಬುದನ್ನು ಅರಿಯುವುದು.

ನೋಡುವುದೆಂದರೆ ಕನಸು ಕಾಣುತ್ತ ಕೂಡುವುದೆಂದು ತಿಳಿಯಬಾರದು. ಅದೂ ಶ್ರಮವೇ. ವೆನಿಸ್ಸಿನ ಟಿಷಿಯನ್ ಚಿತ್ರದ ಮೊದಲ ಬಣ್ಣಗಳನ್ನು ಹಾಕಿದ ಮೇಲೆ ಕ್ಯಾನ್‌ವಾಸನ್ನು ಗೋಡೆಗೆ ಮುಖಮಾಡಿ ತಿರುಗಿಸಿ, ತಿಂಗಳುಗಟ್ಟಲೆ ಹಾಗೆಯೇ ಬಿಡುತ್ತಿದ್ದನಂತೆ. ಮತ್ತೆ ಅದನ್ನು ಹೊರಳಿಸಿದಾಗ ಕಡುವೈರಿಯ ಮುಖವನ್ನು ನೋಡುವಂತೆ ನೋಡಿ, ಎಲ್ಲಿ ಕುಂದಿದೆಯೆಂದು ಹುಡುಕುತ್ತಿದ್ದನಂತೆ. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾತಿಸ್ ಇದಕ್ಕೆ ಕ್ಯಾಮರಾದ ನೆರವು ಪಡೆದ. 1935ರಲ್ಲಿ ಆತ ಬರೆದ, ಈಗ ಅಮೆರಿಕದ ಬಾಲ್ಟಿಮೋರ್ ಸಂಗ್ರಹಾಲಯದಲ್ಲಿರುವ ಒರಗಿದ ಸ್ತ್ರೀಯ ಚಿತ್ರವೊಂದು ಮುಗಿಯಲು ಸುಮಾರು ಆರು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಅದರ ಬೇರೆ ಬೇರೆ ಹಂತಗಳ ಇಪ್ಪತ್ತೆರಡು ಛಾಯಾಚಿತ್ರಗಳನ್ನು ತೆಗೆಸಿದ. ಬಣ್ಣದ ಕಾಗದದ ತುಂಡುಗಳನ್ನು ಕ್ಯಾನ್‌ವಾಸಿಗೆ ಚುಚ್ಚಿ, ಸರಿಸಿ, ನೋಡಿ, ತೃಪ್ತಿಯಾದ ಮೇಲೆ ಬಣ್ಣ ಹಾಕುತ್ತಿದ್ದ. ಮುಗಿದ ಚಿತ್ರವನ್ನು ನೋಡಿದರೆ ಒಂದೇ ಉಸಿರಿನಲ್ಲಿ ಬರೆದಂತಿದೆ. ಆ ಸರಾಗವು ಇಪ್ಪತ್ತೆರಡು ಸಲ ನಿಂತು ನೋಡಿದುದರ ಫಲ.

ಇನ್ನು ಮೂರನೆಯದು, ಬಿಡುವುದು. ನೋಡುವಾಗಲೂ ಮನಸ್ಸು ಚಿತ್ರದಲ್ಲಿಯೇ ಇರುತ್ತದೆ. ಬಿಟ್ಟಾಗ ಮನಸ್ಸಿಗೂ ಬಿಡುಗಡೆ. ಇದು ಸಿಕ್ಕದಿದ್ದರೆ ಏನಾಗುತ್ತದೆ? ಮೊನೆ ಎಂಬ ಫ್ರೆಂಚ್ ಚಿತ್ರಕಾರ 1892 ಮತ್ತು 1893ರಲ್ಲಿ ರುವಾಂ ನಗರದ ದೊಡ್ಡ ದೇವಾಲಯದ ಎದುರಿಗೆ ಬಿಡಾರ ಮಾಡಿ, ಬೆಳಕು ಬದಲಾದಂತೆ ಕ್ಯಾನ್‌ವಾಸನ್ನೂ ಬದಲಿಸುತ್ತ, ಬೆಳಗಿನಿಂದ ಸಂಜೆಯವರೆಗೆ ಅದೇ ಮುಖಮಂಟಪವನ್ನು ಬರೆದ. ದೇವಾಲಯವೇ ತನ್ನ ಮೈಮೇಲೆ ಕುಸಿದುಬೀಳುತ್ತಿರುವಂತೆಯೂ, ಅದು ನೀಲಿ, ಗುಲಾಬಿ, ಹಳದಿ ಬಣ್ಣಗಳಲ್ಲಿ ಕಾಣುತ್ತಿರುವಂತೆಯೂ ರಾತ್ರಿ ಕನಸು ಬಿತ್ತೆಂದು ಮನೆಗೆ ಕಾಗದ ಬರೆದ. ಕೊನೆಗೆ ಆತ ಆ ಕ್ಯಾನ್‌ವಾಸುಗಳನ್ನು ಊರಿಗೆ ಸಾಗಿಸಿ, ದೇವಾಲಯ ಕಣ್ಣಿಗೆ ಬೀಳದ ತನ್ನ ಚಿತ್ರಶಾಲೆಯಲ್ಲಿಟ್ಟು ಸಾವಕಾಶವಾಗಿ ಮುಗಿಸಿದ. 1895ರಲ್ಲಿ ಅವುಗಳಲ್ಲಿ ಇಪ್ಪತ್ತು ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡು ಕೀರ್ತಿ ತಂದವು. ದೇವಾಲಯವನ್ನು ಬಿಟ್ಟುಬಂದ ಮೇಲೆಯೇ ಅವು ಮುಗಿದವು ಎಂಬುದನ್ನು ಗಮನಿಸಬೇಕು.

ವಿಶ್ರಾಂತಿಯೆಂದರೆ ಹಾಸಿಗೆಯೇ ಆಗಬೇಕೆಂದಿಲ್ಲ. ನಮ್ಮ ನಾಡಿನ ಇಬ್ಬರು ದೊಡ್ಡ ಚಿತ್ರಕಾರರ ಬಾಳು ಇದಕ್ಕೆ ಒಳ್ಳೆಯ ನಿದರ್ಶನ. ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆಯನ್ನು ಕಲಿತವರು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನು ಸಾಧಿಸಿದರು. ಊಟಿಯ ಮಂಜನ್ನೂ ಬೆಳಕನ್ನೂ ಹಿಡಿದ ಅವರ ಜಲವರ್ಣಗಳನ್ನು ನೋಡಿದವರು, ಶ್ರುತಿಯನ್ನು ಅಷ್ಟು ನಾಜೂಕಾಗಿ ಕೇಳಬಲ್ಲ ಕಿವಿಯ ಪರಿಚಯ ಆ ಬಣ್ಣಗಳಿಗೂ ಇತ್ತೆಂದು ಭಾವಿಸಿದರೆ ತಪ್ಪಾಗದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರು, ಚಿತ್ರಕಾರರೆಂದು ಹೆಸರಾದ ಮೇಲೆ, ಲಯದ ಮರ್ಮವನ್ನು ತಿಳಿಯಲೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಕುಣಿಯುವ ಕಾಲಾಗಿ, ಬಾಗಿದ ನಡುವಾಗಿ ಹರಿಯುವುದನ್ನು ನೋಡಿ. ಕುಂಚವನ್ನು ಕೆಳಗಿಟ್ಟು ಗೆಜ್ಜೆ ಕಟ್ಟಿದ ಹೊತ್ತು ಆ ಗೆರೆಯೊಳಗೆ ಇದೆ. ಒಂದು ಬೆಳೆ ತೆಗೆದ ಹೊಲದಲ್ಲಿ ರೈತ ಮರುವರ್ಷ ಬೇರೆ ಬೆಳೆಯನ್ನು ಬಿತ್ತುತ್ತಾನಲ್ಲವೆ? ಇದೂ ಹಾಗೆಯೇ.

ದೇಹದ ಮಾತನ್ನೂ ಮರೆಯುವಂತಿಲ್ಲ. ಇಟಲಿಯ ವೈದ್ಯ ರಮಾತ್ಸೀನಿ 1700ರಲ್ಲಿಯೇ, ಕಸುಬುದಾರರ ಬೇನೆಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಚಿತ್ರಕಾರರನ್ನೂ ಸೇರಿಸಿ, ಅವರು ಬಳಸುವ ಸೀಸ ಮತ್ತು ಪಾದರಸದ ಬಣ್ಣಗಳೇ ಅವರ ಕಾಯಿಲೆಗೆ ಕಾರಣವೆಂದು ಎಚ್ಚರಿಸಿದ. ಇಂದಿನ ಬಣ್ಣಗಳು ಬಹುಮಟ್ಟಿಗೆ ಸುಧಾರಿಸಿವೆ. ಆದರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಟರ್ಪೆಂಟೈನ್ ಆವಿಯನ್ನು ಗಂಟೆಗಟ್ಟಲೆ ಕುಡಿಯುವುದು, ಕುಂಚವನ್ನು ಬಾಯಲ್ಲಿಟ್ಟು ಮೊನೆ ಮಾಡುವುದು, ಊಟದ ಕೈಯನ್ನು ತೊಳೆಯದಿರುವುದು ಇವೆಲ್ಲ ಈಗಲೂ ಅಪಾಯವೇ.

ಹಾಗಾದರೆ ದಿನದ ವ್ಯವಸ್ಥೆ ಹೇಗಿರಬೇಕು? ಕಚೇರಿಗೋ ಶಾಲೆಗೋ ಹೋಗಿ ಬಂದು ಉಳಿದ ಹೊತ್ತಿನಲ್ಲಿ ಬರೆಯುವವರೇ ನಮ್ಮಲ್ಲಿ ಹೆಚ್ಚು. ಅಂಥವರು ಬಣ್ಣದ ಕೆಲಸವನ್ನು ಬೆಳಗಿನ ಬೆಳಕಿಗೆ ಇಟ್ಟುಕೊಳ್ಳುವುದು ಮೇಲು. ಹಳದಿ ಛಾಯೆಯ ದೀಪದ ಕೆಳಗೆ ಹಳದಿ ಬಿಳುಪಾಗಿಯೂ ನೀಲಿ ಮಂಕಾಗಿಯೂ ತೋರಿ, ರಾತ್ರಿ ಸರಿಯೆನಿಸಿದುದು ಬೆಳಿಗ್ಗೆ ಬೇರೆಯಾಗಿರುತ್ತದೆ. ರಾತ್ರಿಯ ಹೊತ್ತು ರೇಖೆಯ ಅಭ್ಯಾಸಕ್ಕೆ, ಕುಂಚ ತೊಳೆಯುವುದಕ್ಕೆ, ಕ್ಯಾನ್‌ವಾಸ್ ಬಿಗಿಯುವುದಕ್ಕೆ ಸಾಕು. ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಒಂದು ಚಿಕ್ಕ ಪುಸ್ತಕದಲ್ಲಿ, ನಾಳೆ ಮೊದಲು ತಿದ್ದಬೇಕಾದುದು ಯಾವುದೆಂದು ಒಂದು ಸಾಲು ಗುರುತು ಹಾಕಿಟ್ಟರೆ ಮರುದಿನ ಅರ್ಧ ಗಂಟೆ ಉಳಿಯುತ್ತದೆ. ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ನಡೆಸಿದರೆ ಒಂದು ಒಣಗುವಾಗ ಇನ್ನೊಂದಕ್ಕೆ ಕೈ ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದಣಿದ ಮೇಲೆ ಇನ್ನೊಂದು ಸಲ ತಿದ್ದಿಬಿಡುತ್ತೇನೆ ಎಂಬ ಆಸೆಗೆ ಬಲಿಯಾಗಬಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದಣಿದ ಕೈಯಲ್ಲಿರುವ ಕುಂಚ ದೊಣ್ಣೆಗಿಂತ ಕಡಿಮೆಯದಲ್ಲ.

ಚಿತ್ರದಿಂದಲೇ ಜೀವನ ನಡೆಸುವವರಿಗೆ ಇನ್ನೊಂದು ಮಾತು. ಮದುವೆಗೆ ಹದಿನೈದು ದಿನವಿರುವಾಗ ತೈಲವರ್ಣದ ಭಾವಚಿತ್ರ ಬೇಕೆಂದು ಯಾರಾದರೂ ಬಂದರೆ, ಬರೆಯುವ ದಿನಗಳನ್ನು ಮಾತ್ರ ಲೆಕ್ಕ ಹಾಕಿ ಒಪ್ಪಿಕೊಳ್ಳಬಾರದು. ಒಣಗುವ ದಿನ, ನೋಡುವ ದಿನ, ತಿದ್ದುವ ದಿನ ಇವನ್ನೂ ಕೂಡಿಸಿ ಗಡುವು ಹೇಳಬೇಕು. ಬೆಲೆಯಲ್ಲಿಯೂ ಅವನ್ನು ಸೇರಿಸಬೇಕು. ಕೈಯಾಡಿಸಿದ ಗಂಟೆಗಳಿಗೆ ಮಾತ್ರ ಬೆಲೆ ಕಟ್ಟುವವನು, ಉಳಿದ ಎರಡು ಪಾಲನ್ನು ತಾನೇ ಸೋಮಾರಿತನವೆಂದು ಒಪ್ಪಿಕೊಂಡಂತಾಯಿತು.

ಆದರೆ ಈ ಮಾತುಗಳು ಮೈಗಳ್ಳರಿಗೆ ನೆಪವಾಗಲೂಬಾರದು. ನೋಡುವುದು ಅತಿಯಾದರೆ ಸಂಶಯ ಬೆಳೆಯುತ್ತದೆ. ಚಿತ್ರ ಎಂದಿಗೂ ಮುಗಿಯುವುದಿಲ್ಲ. ಬಿಡುವುದು ಅತಿಯಾದರೆ ಕೈ ಮರೆಯುತ್ತದೆ. ಗಾಯಕನಿಗೆ ಸ್ವರಸಾಧನೆ ಹೇಗೋ ಚಿತ್ರಕಾರನಿಗೆ ದಿನಕ್ಕೆ ನಾಲ್ಕು ಗೆರೆ ಹಾಗೆ; ವಿಶ್ರಾಂತಿಯ ದಿನಗಳಲ್ಲಿಯೂ ಪೆನ್ಸಿಲು ಜೇಬಿನಲ್ಲಿರಲಿ. ಬಿಟ್ಟುದು ವಿಶ್ರಾಂತಿಯೋ ತಪ್ಪಿಸಿಕೊಳ್ಳುವಿಕೆಯೋ ಎಂಬುದನ್ನು ತಿಳಿಯಲು ಒಂದು ಸುಲಭವಾದ ಒರೆಗಲ್ಲುಂಟು. ವಿಶ್ರಾಂತಿಯಿಂದ ಮರಳಿದವನಿಗೆ ಚಿತ್ರದಲ್ಲಿ ಮುಂದಿನ ಕೆಲಸ ಕಾಣುತ್ತದೆ. ತಪ್ಪಿಸಿಕೊಂಡು ಮರಳಿದವನಿಗೆ ಬಿಟ್ಟಾಗಿನ ಭಯವೇ ಕಾಣುತ್ತದೆ.

ಇದೆಲ್ಲ ಚಿತ್ರ ಬರೆಯುವವರಿಗೆ ಮಾತ್ರ ಹೇಳಿದ್ದಲ್ಲ. ಅವರ ಜೊತೆಯಲ್ಲಿ ಬಾಳುವ ನಿಮಗೂ ಇದರಲ್ಲಿ ಪಾಲಿದೆ. ಮಿಲಾನಿನ ಮಠದ ಹಿರಿಯನಿಗೆ ಉತ್ತರ ಹೇಳಲು ಲಿಯೊನಾರ್ಡೊನಿಗೆ ದೊರೆಯ ಆಶ್ರಯವಿತ್ತು. ನಮ್ಮ ಮನೆಗಳಲ್ಲಿ ಬರೆಯುವ ಹುಡುಗನಿಗೆ, ಮಗಳಿಗೆ, ಸೊಸೆಗೆ ಅಂಥ ದೊರೆ ಯಾರೂ ಇಲ್ಲ, ಇರುವುದು ನೀವೇ. ಮುಂದಿನ ಸಲ ಅವರು ಕುಂಚವನ್ನು ಕೆಳಗಿಟ್ಟು ಸುಮ್ಮನೆ ಕುಳಿತಿರುವುದನ್ನು ಕಂಡರೆ, ಅಂಗಡಿಯ ಚೀಲವನ್ನು ಕೈಗೆ ಕೊಡುವ ಮೊದಲು ಒಂದು ಗಳಿಗೆ ತಡೆಯಿರಿ. ಸಾಧ್ಯವಾದರೆ ಒಂದು ಲೋಟ ಕಾಫಿಯನ್ನು ಪಕ್ಕದಲ್ಲಿಟ್ಟು ಬನ್ನಿ. ಅವರು ಕೆಲಸದಲ್ಲಿದ್ದಾರೆ.